ಹಲಸಿನ ಮೇಣದ ಪ್ಯಾಚು

"ಹತ್ತು ವಾಸಪ್ಪ, ಎಂತ ನೋಡ್ತಾ ನಿಂತದ್ದು?"

ಮಹೇಶ್ವರ ಡಾಕ್ಟರು ಆಗಲೇ ಮೋಟಾರ್ ಸೈಕಲಿನ ಮೇಲೆ ಕೂತು ಅದನ್ನು ಗುಡುಗಿಸುತ್ತಿದ್ದರು. ಔಷಧಿಯ ಚೀಲ ಪಕ್ಕದಲ್ಲಿ ತೂಗುತ್ತಿತ್ತು. ವಾಸಪ್ಪನ ಮಗಳು ಸುಂದರಿ ಗುಡ್ಡದಾಚೆ ಗಂಡನ ಮನೆಯಲ್ಲಿ ಬೆಳಗಿನಿಂದ ಹೆರಿಗೆಯ ನೋವು ತಿನ್ನುತ್ತಿದ್ದಳು. ಅಲ್ಲಿಂದ ಓಡಿ ಬಂದ ಕೆಲಸದ ಬಟ್ಯ ವಾಸಪ್ಪನ ಸೈಕಲ್ ಅಂಗಡಿಯ ಮುಳಿಹುಲ್ಲಿನ ಮಾಡಿನ ಕೆಳಗೆ ಕುಕ್ಕರಿಸಿ ಏದುಸಿರು ಬಿಡುತ್ತಿದ್ದ. ಇಷ್ಟಾದರೂ ವಾಸಪ್ಪನ ಕಣ್ಣು ಹಿಂದಿನ ಚಕ್ರದಿಂದ ಮೇಲೇಳಲಿಲ್ಲ.

"ಟಯರ್ ಸರಿ ಉಂಟಲ್ಲ? ಬೆಳಿಗ್ಗೆ ನೀನೇ ಮಾಡಿದ್ದು."

ಡಾಕ್ಟರು ಸುಮ್ಮನೆ ಕೇಳಿದ್ದು. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ವಾಸಪ್ಪ ಬೆರಳುಗಳನ್ನು ಪಂಚೆಗೆ ಒರೆಸಿಕೊಂಡ.

"ಉಂಟು ಡಾಕ್ಟ್ರೇ. ಕಲ್ಲಿನ ಹಾಗೆ ಉಂಟು."

ಹೇಳಿಬಿಟ್ಟು ಹತ್ತಿ ಕೂತ. ಕೂತ ಮೇಲೆ ಅವನಿಗೆ ಹೆದರಿಕೆ ಶುರುವಾಯಿತು.

ಬಂದ್ಯೋಡಿನಲ್ಲಿ ವಾಸಪ್ಪನ ಬಾಯಿಯಿಂದ 'ಆಗುವುದಿಲ್ಲ' ಎಂಬ ಮಾತು ಕೇಳಿದವರಿಲ್ಲ. ಮುರಿದ ಕೊಡೆ ತಂದರೂ ಆಗ್ತದೆ, ನಿಂತ ಗಡಿಯಾರ ತಂದರೂ ಆಗ್ತದೆ. ಆಗದಿದ್ದರೆ ಅದು ಕೊಡೆಯ ತಪ್ಪು, ಗಡಿಯಾರದ ತಪ್ಪು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜಿಗಿಟ್ಟ ಮೋಟಾರ್ ಸೈಕಲನ್ನು ಡಾಕ್ಟರು ಕೊಂಡು ತಂದ ದಿನ, ಇನ್ನು ಇದರ ಪಂಕ್ಚರಿಗೆಂದು ಮಂಗಳೂರಿಗೆ ಹೋಗಬೇಕಾಗಿಲ್ಲ ಎಂದು ಊರಿಗೆಲ್ಲ ಕೇಳುವ ಹಾಗೆ ಹೇಳಿದವನೂ ಅವನೇ. ಅಂಥವನು ಈ ಬೆಳಿಗ್ಗೆ ಪ್ಯಾಚ್ ಅಂಟಿಸಲು ಹೊರಟಾಗ ಸೊಲ್ಯೂಷನ್ನಿನ ಟ್ಯೂಬು ಹಿಂಡಿ ಹಿಂಡಿ ಚಪ್ಪಟೆಯಾಗಿತ್ತು. ಮಂಗಳೂರಿನ ಸಾಹುಕಾರ ಹೊಸದನ್ನು ಕಳಿಸಿರಲಿಲ್ಲ. ಡಾಕ್ಟರು ಬಾಗಿಲಲ್ಲೇ ನಿಂತಿದ್ದರು.

"ಆಗ್ತದಾ?" ಎಂದರು.

"ಆಗದೆ ಎಂತ? ನೀವು ಚಾ ಕುಡಿದು ಬನ್ನಿ."

ಒಲೆಯ ಹಿಂದೆ ಕೋಲಿಗೆ ಸುತ್ತಿಟ್ಟ ಹಲಸಿನ ಮೇಣ ಎಲ್ಲರ ಮನೆಯಲ್ಲೂ ಇರುವಂತೆ ಅಂಗಡಿಯ ಹಿಂದೆಯೇ ಇದ್ದ ವಾಸಪ್ಪನ ಮನೆಯಲ್ಲೂ ಇತ್ತು. ಊರಿನ ಬಾಯಲ್ಲಿ ಅದು ಮಯಣ. ಅಜ್ಜಿಯ ಕಾಲದಿಂದ ಕೊಡಪಾನದ ತೂತು ಮುಚ್ಚಿದ ಮೇಣ; ನೀರು ನಿಲ್ಲಿಸಿದ್ದು ಗಾಳಿ ನಿಲ್ಲಿಸದೇ ಎಂದು ಅವನಿಗೆ ಹೊಳೆಯಿತು. ಹೊಳೆದದ್ದೇ ತಡ, ಕೋಲನ್ನು ಕೆಂಡಕ್ಕೆ ಹಿಡಿದು, ತೊಟ್ಟಿಕ್ಕಿದ ಮೇಣವನ್ನು ಚಕ್ರದ ಟ್ಯೂಬಿಗೆ ಹಚ್ಚಿ, ಮೇಲೆ ಪ್ಯಾಚ್ ಒತ್ತಿದ. ನೀರಿನಲ್ಲಿ ಮುಳುಗಿಸಿ ನೋಡಿದರೆ ಒಂದು ಗುಳ್ಳೆಯೂ ಏಳಲಿಲ್ಲ. ತನ್ನ ಬುದ್ಧಿಗೆ ತಾನೇ ತಲೆದೂಗಿದ. ಡಾಕ್ಟರ ಮನೆ ನಾಲ್ಕು ಮಾರು ದೂರ, ಸಂಜೆಯೊಳಗೆ ಸೊಲ್ಯೂಷನ್ ಬಂದರೆ ಬಿಚ್ಚಿ ಸರಿ ಮಾಡಿದರಾಯಿತು ಎಂದುಕೊಂಡ. ಯಾರಿಗೂ ಹೇಳಲಿಲ್ಲ.

ಮಧ್ಯಾಹ್ನ ಬಟ್ಯ ಬಂದ. "ಮಗುವಿನ ಕೈ ಮೊದಲು ಬಂದಿದೆಯಂತೆ. ಅಮ್ಮಣಿ ತನ್ನಿಂದ ಆಗ್ಲಿಕ್ಕಿಲ್ಲ ಅಂತ ಹೇಳಿದ್ಳು. ಡಾಕ್ಟ್ರನ್ನು ಕರ್ಕೊಂಡು ಬರ್ಬೇಕಂತೆ, ಬೇಗ ಬರ್ಬೇಕಂತೆ." ಆ ಸೀಮೆಯ ಮಕ್ಕಳಲ್ಲಿ ಅರ್ಧಕ್ಕರ್ಧ ಸೂಲಗಿತ್ತಿ ಅಮ್ಮಣಿಯ ಕೈಯಲ್ಲಿ ಹುಟ್ಟಿದವರು. ಅವಳೇ ಕೈಚೆಲ್ಲಿದಳೆಂದರೆ ಮುಂದಿನದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಬಂದ್ಯೋಡಿನಿಂದ ಪೂರ್ವಕ್ಕೆ ಹೊರಳಿದ ಕೆಂಪು ಮಣ್ಣಿನ ರಸ್ತೆಯಲ್ಲಿ ಗಾಡಿಗಳ ಚಕ್ರ ಕೊರೆದ ತಗ್ಗುಗಳು. ಒಂದೊಂದು ತಗ್ಗಿಗೂ ವಾಸಪ್ಪ ಉಸಿರು ಬಿಗಿಹಿಡಿದು ದೇಹವನ್ನು ಮೇಲಕ್ಕೆತ್ತುತ್ತಿದ್ದ. ಹಾಗೆ ಎತ್ತಿದರೆ ತನ್ನ ಭಾರ ಚಕ್ರದ ಮೇಲೆ ಬೀಳುವುದಿಲ್ಲವೆಂಬ ಹುಚ್ಚು ಆಸೆ. ಎಂಜಿನ್ನಿನ ಗದ್ದಲದೊಳಗೆ ಅವನ ಕಿವಿ ಹುಡುಕುತ್ತಿದ್ದದ್ದು ಒಂದೇ ಸದ್ದನ್ನು, ಸುಯ್ ಎನ್ನುವ ಸಣ್ಣ ಸದ್ದನ್ನು. ಕೇಳಿತೇ? ಇಲ್ಲ, ತನ್ನದೇ ಉಸಿರು.

ಮೋರಿಯ ಹತ್ತಿರ ಡಾಕ್ಟರು ವೇಗ ತಗ್ಗಿಸಿದರು. ಈಗ ಹೇಳಬೇಕು ಅನಿಸಿತು. ಹೇಳಿದರೆ ಏನಾದೀತು? ಅಂಗಡಿಯಲ್ಲಿ ಸೊಲ್ಯೂಷನ್ ಇಲ್ಲ, ನಿಂತು ಮಾಡುವುದಾದರೂ ಎಂತ? ಸುಮ್ಮನೆ ಹೊತ್ತು ಹೋದೀತು. ಪ್ಯಾಚ್ ತಡೆದರೂ ತಡೆದೀತು. ಅವನು ಬಾಯಿ ತೆರೆದ.

"ಡಾಕ್ಟ್ರೇ..."

"ಎಂತ?"

"ಎಂತ ಇಲ್ಲ. ಇಲ್ಲಿ ಎಡಕ್ಕೆ."

ಏರು ಮುಗಿದು ಪಾದೆಯ ಮೇಲೆ ಬಂದಾಗ ಬಿಸಿಲು ಮುಖಕ್ಕೆ ಹೊಡೆಯಿತು. ಗಿಡವಿಲ್ಲ, ನೆರಳಿಲ್ಲ, ಕಣ್ಣು ಹಾಯುವಷ್ಟು ದೂರ ಕರಿಮುರಕಲ್ಲು, ಅದರ ಮೇಲೆ ನಡುಗುವ ಬಿಸಿಗಾಳಿ. ಕೆಂಡದ ಹತ್ತಿರ ಹೋದಂತೆ ಕಾಲಿಗೆ ಕಾವು ತಾಗುತ್ತಿತ್ತು. ಆಗಲೇ ವಾಸಪ್ಪನಿಗೆ ಹೆಂಡತಿಯ ಮಾತು ನೆನಪಾದದ್ದು. ಮೇಣ ಹಾಕಿದ ಪಾತ್ರೆಯನ್ನು ಯಾರಾದರೂ ಮುಟ್ಟಿದರೆ ಸಾಕು, ಅವಳು ಒಳಗಿನಿಂದಲೇ ಕೂಗುತ್ತಿದ್ದಳು: "ಅದಕ್ಕೆ ಬಿಸಿನೀರು ಹಾಕ್ಬೇಡಿ, ಮಯಣ ಬಿಡ್ತದೆ!" ಸಾವಿರ ಸಲ ಕೇಳಿದ ಮಾತು.

ಪಾದೆಯ ಅಂಚಿಗೆ ಬಂದರೆ ಕೆಳಗೆ ಆಳದಲ್ಲಿ ಹರಿಯುವ ತೋಡು, ತೋಡಿನಾಚೆಯ ದಿಣ್ಣೆಯಲ್ಲಿ ಸುಂದರಿಯ ಮನೆಯ ಹುಲ್ಲಿನ ಮಾಡು ಕಾಣಿಸಿತು. "ಅದೇ ಮನೆ" ಎಂದು ಅವನು ಕೈ ತೋರಿಸಿದ. ತೋರಿಸಿದ ಕೈ ಇಳಿಯುವ ಮೊದಲೇ ಹಿಂದಿನ ಚಕ್ರ ಅತ್ತಿತ್ತ ಓಲಾಡಿ, ರಿಮ್ಮು ಕಲ್ಲಿಗೆ ಬಡಿದು, ಗಾಡಿ ನಿಂತುಬಿಟ್ಟಿತು.

ಡಾಕ್ಟರು ಇಳಿದು ನೋಡಿದರು. "ಹೋಯ್ತಲ್ಲ ಮಾರಾಯ. ನಡೆದರೆ ಎಷ್ಟು ಹೊತ್ತು?"

"ಕಾಣುವುದು ಹತ್ತಿರ ಡಾಕ್ಟ್ರೇ. ತೋಡಿಗೆ ಸುತ್ತಿ ಇಳೀಬೇಕು, ಮತ್ತೆ ಹತ್ತಬೇಕು. ತುಂಬಾ ಹೊತ್ತು ಉಂಟು."

"ಹಾಗಾದರೆ ಬಿಚ್ಚು."

ಅವರು ಸೀಟಿನ ಕೆಳಗಿನ ಚೀಲದಿಂದ ಹಸಿರು ಬಣ್ಣದ ತಗಡಿನ ಡಬ್ಬಿಯೊಂದನ್ನು ತೆಗೆದು ಅವನ ಮುಂದೆ ಇಟ್ಟರು. ಮಿಲಿಟರಿಯವರದ್ದು. ಗಾಡಿಯ ಜೊತೆಗೇ ಬಂದದ್ದು. ವಾಸಪ್ಪ ಮುಚ್ಚಳ ತೆರೆದ. ಒಳಗೆ ಪ್ಯಾಚುಗಳು, ಉಜ್ಜುವ ತಗಡು, ಎಣ್ಣೆಕಾಗದದಲ್ಲಿ ಸುತ್ತಿದ ಸೊಲ್ಯೂಷನ್ನಿನ ಟ್ಯೂಬು. ಬಿರಡೆ ತಿರುಗಿಸಿದರೆ ಘಮ್ಮೆಂದು ವಾಸನೆ ಬಂತು, ಒಣಗಿರಲಿಲ್ಲ.

ಟಯರು ಕಳಚಿ ಟ್ಯೂಬು ಎಳೆದಾಗ ಪ್ಯಾಚ್ ಜಾರಿ ಒಂದು ಬದಿಗೆ ನೇತಾಡುತ್ತಿತ್ತು. ಕಂದು ಮೇಣ ಎಳೆಯೆಳೆಯಾಗಿ ಅವನ ಬೆರಳಿಗೆ ಸುತ್ತಿಕೊಂಡಿತು. ಡಾಕ್ಟರು ಬಗ್ಗಿ ಮೂಸಿದರು. ಎಷ್ಟೆಂದರೂ ಈ ಊರಿನಲ್ಲೇ ಹುಟ್ಟಿ ಹಲಸು ತಿಂದು ಬೆಳೆದವರು.

"ಇದೆಂತ ವಾಸಪ್ಪ? ಮಯಣವಾ?"

ಅವನು ಪ್ಯಾಚನ್ನು ಕಿತ್ತು ಬದಿಗೆಸೆದ.

"ಸೊಲ್ಯೂಷನ್ ಇರ್ಲಿಲ್ವಾ?"

"ಇರ್ಲಿಲ್ಲ."

"ಕೇಳ್ಬಹುದಿತ್ತಲ್ಲ. ಇದು ಚೀಲದಲ್ಲೇ ಇತ್ತು. ಹೊರಡುವಾಗಲಾದ್ರೂ ಒಂದು ಮಾತು..." ಡಾಕ್ಟರು ಅಲ್ಲಿಗೇ ನಿಲ್ಲಿಸಿ, ತೋಡಿನ ಕಡೆ ತಿರುಗಿ ನಿಂತರು. ಅವರು ನಾಲ್ಕು ಮಾತು ಬೈದಿದ್ದರೆ ಒಳ್ಳೆಯದಿತ್ತು.

ಮೇಣ ಅಂಟಿದ ರಬ್ಬರಿಗೆ ಸೊಲ್ಯೂಷನ್ ಹಿಡಿಯುವುದಿಲ್ಲ. ಪೆಟ್ರೋಲಿನಲ್ಲಿ ಬಟ್ಟೆ ಅದ್ದಿ ಉಜ್ಜಿದ; ಹೋಗಲಿಲ್ಲ. ಮತ್ತೆ ಉಜ್ಜಿದ, ತಗಡಿನಿಂದ ಕೆರೆದ, ಉಗುರಿನಿಂದ ಕಿತ್ತ. ಬೆವರು ಟ್ಯೂಬಿನ ಮೇಲೆ ಬೀಳದಂತೆ ಮುಖವನ್ನು ತೋಳಿಗೆ ಒರೆಸಿಕೊಳ್ಳುತ್ತಿದ್ದ. ಕೊನೆಗೆ ರಬ್ಬರು ಕಪ್ಪಗೆ ಕಂಡಿತು. ಸೊಲ್ಯೂಷನ್ ಹಚ್ಚಿದ. ಇನ್ನು ಆರಬೇಕು. ಆರುವ ಮುಂಚೆ ಒತ್ತಿದರೆ ಮತ್ತೆ ಇದೇ ಗತಿ.

ಆ ಕಾಯುವಿಕೆಯಂಥ ಹೆದರಿಕೆಯನ್ನು ಅವನು ಜೀವಮಾನದಲ್ಲಿ ಕಂಡಿರಲಿಲ್ಲ. ಮಾಡಲು ಕೈಗೆ ಕೆಲಸವಿಲ್ಲ. ಎದುರಿಗೆ ಮಗಳ ಮನೆ ಬಿಸಿಲಿನಲ್ಲಿ ಸುಮ್ಮನೆ ನಿಂತಿತ್ತು. ಅಂಗಳದಲ್ಲಿ ಯಾರೋ ಓಡಿದಂತಾಯಿತು. ಯಾಕೆ ಓಡಿದರು? ಕೂಗು ಕೇಳಿದಂತಾಯಿತು, ಹದ್ದಿನದ್ದಿರಬಹುದು. ಹೇಳಿಕೊಳ್ಳಲು ಒಂದು ದೈವದ ಹೆಸರೂ ಅವನ ಬಾಯಿಗೆ ಬರಲಿಲ್ಲ.

"ಆರಿತಾ?" ಎಂದರು ಡಾಕ್ಟರು, ಅತ್ತಲೇ ನೋಡುತ್ತಾ.

"ಇಲ್ಲ. ಇನ್ನು ಸ್ವಲ್ಪ."

ಈ ಸಲ ಅವನು ಸುಳ್ಳು ಹೇಳಲಿಲ್ಲ.

ಅಂತೂ ಪ್ಯಾಚ್ ಹಿಡಿಯಿತು, ಗಾಳಿ ತುಂಬಿ ತೋಡು ಸುತ್ತಿಕೊಂಡು ಬಂದರು. ಮನೆ ಮುಟ್ಟಿದೊಡನೆ ಡಾಕ್ಟರು ಚೀಲ ಹಿಡಿದು ಒಳಗೆ ನುಗ್ಗಿದರು. ವಾಸಪ್ಪ ಅಂಗಳದಲ್ಲಿ ಗಾಡಿಯ ಪಕ್ಕ ಕುಕ್ಕರಿಸಿದ. ಒಳಗಿನಿಂದ ಸುಂದರಿಯ ನರಳಾಟ ಕೇಳಿತು. ಬದುಕಿದ್ದಾಳೆ ಎಂದು ಅವನ ಎದೆ ಒಡೆದು ಹೋಗುವಷ್ಟು ಸಂತೋಷವಾಯಿತು. ಆಮೇಲೆ ಅಮ್ಮಣಿಯ ಪಿಸುಮಾತು, ಪಾತ್ರೆಯ ಸದ್ದು, ಒಂದು ದೊಡ್ಡ ಚೀರಾಟ. ಅದರ ಹಿಂದೆ ಬರಬೇಕಾಗಿದ್ದ ಇನ್ನೊಂದು ಸಣ್ಣ ಅಳುವಿಗಾಗಿ ಅವನು ಕಾದ. ಮಾಡಿನ ನೆರಳು ಅಂಗಳಕ್ಕೆ ಇಳಿಯಿತು. ಅಳು ಬರಲಿಲ್ಲ.

ಡಾಕ್ಟರು ಹೊರಗೆ ಬಂದು ಚೆಂಬಿನ ನೀರಿನಲ್ಲಿ ಕೈ ತೊಳೆದರು. "ಮಗಳು ಉಳೀತಾಳೆ ವಾಸಪ್ಪ. ಮಗು ಹೋಯ್ತು."

"ಡಾಕ್ಟ್ರೇ, ಮೊದಲೇ ಬಂದಿದ್ದರೆ..."

"ಕೇಳ್ಬೇಡ."

ಸುಂದರಿಯ ಅತ್ತೆ ದೇವಕಿ ಬಾಗಿಲಿಗೆ ಒರಗಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವಳಿಗೆ ಏನೂ ಗೊತ್ತಿರಲಿಲ್ಲ. "ಪಾದೆಯಲ್ಲಿ ಗಾಡಿಯ ಶಬ್ದ ಕೇಳಿತು ಅಣ್ಣ. ಅಪ್ಪ ಬಂದ್ರು ಅಂತ ಹೇಳಿದ್ಳು ಅವಳು. ನಕ್ಕಳು ಕೂಡ. ಆಗ ಒಳಗೆ ಮಗು ಅಲ್ಲಾಡ್ತಾ ಇತ್ತು. ಮತ್ತೆ ಶಬ್ದ ನಿಂತಿತು."

ಡಾಕ್ಟರು ತಟ್ಟನೆ ಮಾತು ಬದಲಿಸಿದರು. "ನಾನು ಹೊರಡ್ಬೇಕು. ಟಯರ್ ನೋಡು, ಗಾಳಿ ಉಂಟಾ?"

ವಾಸಪ್ಪ ಹೆಬ್ಬೆರಳಿನಿಂದ ಒತ್ತಿ ನೋಡಿದ. ಚೂರೂ ತಗ್ಗಲಿಲ್ಲ. ಉಂಟು ಎನ್ನದೆ, ಬರೇ ತಲೆಯಾಡಿಸಿದ.

ದೇವಕಿಯ ಕಣ್ಣು ಅವನ ಕೈಗಳ ಮೇಲೆ ಬಿತ್ತು. ಬೆರಳು ಬೆರಳಿಗೂ ಕಂದು ಮೇಣ, ಅದಕ್ಕೆ ಅಂಟಿದ ಕೆಂಪು ಮಣ್ಣು. "ಇದೆಂತ ಅಣ್ಣ, ಹಲಸು ಕೊಯ್ತಾ ಇದ್ದವರು ಹಾಗೇ ಓಡಿ ಬಂದದ್ದಾ? ಮಯಣ ನೀರಿಗೆ ಹೋಗ್ಲಿಕ್ಕಿಲ್ಲ" ಎನ್ನುತ್ತಾ ಒಳಗೆ ಹೋದಳು. ಬರುವಾಗ ಅವಳ ಕೈಯಲ್ಲಿ ತೆಂಗಿನೆಣ್ಣೆ ತುಂಬಿದ ಗೆರಟೆಯ ಚಿಪ್ಪು ಇತ್ತು. ಮಗುವಿನ ನೆತ್ತಿಗೆ ಹಚ್ಚಲೆಂದು ಅಮ್ಮಣಿ ಬೆಳಗಿನಿಂದ ಒಲೆಯ ಪಕ್ಕದಲ್ಲಿ ಇರಿಸಿದ್ದ ಎಣ್ಣೆ.

"ಹಿಡೀರಿ" ಎಂದು ದೇವಕಿ ಅವನ ಅಂಗೈಗೆ ಸುರಿದಳು. ಎಣ್ಣೆ ಇನ್ನೂ ಬೆಚ್ಚಗಿತ್ತು.