ರಾಮದಾಸರ ಬಾಗಿಲ ಚಿಲಕ

ಟಕ್ ಟಕ್ ಎನ್ನುತ್ತಲೇ ಇದೆ, ಬೋಗಿಯ ಕೊನೆಯ ಬಾಗಿಲ ಚಿಲಕ, ಯಾರೋ ಹಾಕದೆ ಹೋಗಿದ್ದಾರೆ, ರೈಲು ಎರ್ನಾಕುಲಂ ಬಿಟ್ಟಾಗಿನಿಂದ ಇದೇ ಸದ್ದು, ಎದ್ದು ಹಾಕಿ ಬರಬಾರದೇ ಎಂದುಕೊಂಡಳು ಶಾಲಿನಿ, ಏಳಲಿಲ್ಲ — ತಿರುವನಂತಪುರದ ಸಂಸ್ಥೆಯ ಕಂಪ್ಯೂಟರುಗಳನ್ನು ಒಳಗಿನಿಂದ ನಡೆಸುವ ಮೂಲ ತಂತ್ರಾಂಶ, ಆ ಕರ್ನಲ್‌ಗೆ ಚಿಲಕ ಜಡಿಯುವುದೇ ಕಸುಬು, ರೈಲಿನದೊಂದು ಚಿಲಕಕ್ಕೆ ಸೋಮಾರಿತನ, ನಗು ಬಂತು, ಅರ್ಧಕ್ಕೇ ನಿಂತಿತು, ಮಡಿಲಲ್ಲಿ ರಾಮದಾಸರ ಹೆಂಡತಿ ಪ್ರೇಮಕ್ಕ ಕಟ್ಟಿಕೊಟ್ಟ ಕೊಟ್ಟೆ ಕಡುಬು ಇನ್ನೂ ಬೆಚ್ಚಗಿದೆ, ಹಲಸಿನೆಲೆಯ ಆ ವಾಸನೆ, ಮೈಸೂರಿನಿಂದ ಹೊಸದಾಗಿ ಕೆಲಸಕ್ಕೆ ಸೇರಿದಾಗ, ಕೆಲಸ ಕಲಿಸಿದ ರಾಮದಾಸರ ಕ್ವಾರ್ಟರ್ಸ್ ತುಂಬ ಇದೇ ವಾಸನೆ, ಬಾಗಿಲು ಮುಂದಕ್ಕೆ ಎಳೆದಿರುತ್ತಿತ್ತು, ಚಿಲಕ ಮಾತ್ರ ಹಾಕಿರುತ್ತಿರಲಿಲ್ಲ, ಕೊಂಡಿ ಸುಮ್ಮನೆ ನೇತಾಡುತ್ತಿತ್ತು, ಕಳ್ಳರು ಬಂದ್ರೆ ಸಾರ್, ಎಂತ ಹೆದರಿಕೆ ಮಾರಾಯ್ತಿ, ಬರುವವರು ನಮ್ಮವರೇ ಅಲ್ವಾ, ಕೂತ್ಕೋ, ಕಡುಬು ತಿನ್ನು. ಕಾಸರಗೋಡಿನ ಆ ಮನುಷ್ಯ ಕೋಡ್ ಬರೆದದ್ದೂ ಹಾಗೆಯೇ, ಸಂಸ್ಥೆಯ ಹಳೆಯ ಡಿಸ್ಕುಗಳ ಭಾಷೆ ಕರ್ನಲ್‌ಗೆ ಗೊತ್ತಿರಲಿಲ್ಲ, ಆ ಡಿಸ್ಕುಗಳನ್ನು ಓದುವ ಫೈಲ್ ಸಿಸ್ಟಮ್ ಬರೆದವರು ಅವರು, ಮೊದಲ ಸಾಲಿನಲ್ಲಿ ಅವರ ಹೆಸರು, ಪಕ್ಕದ ಕುರ್ಚಿಯಲ್ಲಿ ಅವಳು, ಬಾಯಿ ತೆರೆದುಕೊಂಡು ನೋಡುತ್ತಾ, ಈ ಕಡತದ ಹೆಸರು ಇಷ್ಟುದ್ದ ಅಂತ ಡಿಸ್ಕು ಹೇಳಿತು, ನಾವು ಒಳಗೆ ಬಿಟ್ಟೆವು, ಅಷ್ಟೇ, ಅಳತೆ ನೋಡೋದಿಲ್ವಾ ಸಾರ್, ಡಿಸ್ಕು ಸುಳ್ಳು ಹೇಳಿದ್ರೆ, ಡಿಸ್ಕು ಎಂತಕ್ಕೆ ಸುಳ್ಳು ಹೇಳುವುದು, ತಂದದ್ದು ನಮ್ಮ ಅಣ್ಣಪ್ಪ ಅಲ್ವಾ — ಹೌದು, ಪಕ್ಕದ ಕಟ್ಟಡದಿಂದ ಅಣ್ಣಪ್ಪ ಡಿಸ್ಕನ್ನು ಎದೆಗವುಚಿಕೊಂಡು ಬರುತ್ತಿದ್ದ, ಹಸುಗೂಸು ತಂದ ಹಾಗೆ, ಎಷ್ಟು ಚೆನ್ನಾಗಿದ್ದವು ಆ ದಿನಗಳು, ಯಾರನ್ನೂ ಅಳೆಯಬೇಕಿರಲಿಲ್ಲ.

ಆಲಪ್ಪುಳದ ಗದ್ದೆ, ನೀರು, ಚಾಯ ಚಾಯ ಎನ್ನುವವನು ಬಂದ, ಹೋದ, ಟಕ್ ಟಕ್, ಈಗ ಶಾಲಿನಿಯ ಜೊತೆ ಕೆಲಸ ಮಾಡುವ ನಿಶಾ, ಪರೀಕ್ಷೆಗೆಂದು, ಸುಳ್ಳು ಹೇಳುವ ಪೆನ್ ಡ್ರೈವ್ ಒಂದನ್ನು ತಾನೇ ತಯಾರಿಸಿ ಚುಚ್ಚಿದಳು, ಹೆಸರಿನ ಉದ್ದ ಎಂದು ಬೇಕಾದ್ದು ಬರೆದು, ರಾಮದಾಸರ ಕೋಡ್ ನಂಬಿ ಒಳಗೆ ಬಿಟ್ಟಿತು, ಇಡೀ ಯಂತ್ರ ನಿಶಾಳ ಕೈಗೆ ಬಂತು, ಮನೆಯಲ್ಲಿ ಕನ್ನಡ ಕೇಳಿಯೇ ಬೆಳೆದ ಹುಡುಗಿ, ನಾಲಿಗೆ ಮಾತ್ರ ಮಲಯಾಳದ್ದು, ಇದ್ ಆರುಂ ಉಪಯೋಗಿಕ್ಕುನ್ನಿಲ್ಲಲ್ಲೋ ಚೇಚೀ, ಕಳಯಾಂ, ಯಾರೂ ಬಳಸದ್ದನ್ನು ಎಸೆಯೋಣ ಎನ್ನುತ್ತಾಳೆ, ತಪ್ಪೇನಿದೆ, ಹಳೆಯ ಡಿಸ್ಕುಗಳೆಲ್ಲ ಹೊಸದಕ್ಕೆ ನಕಲಾಗಿವೆ, ಶಾಲಿನಿಯೂ ರಿಪೇರಿ ಮಾಡಿ ನೋಡಿದಳು, ಒಂದು ಕಡೆ ಅಳತೆ ಹಾಕಿದರೆ ಇನ್ನೊಂದು ಕಡೆ ತೂತು, ನಂಬಿಕೆಯನ್ನೇ ಅಡಿಪಾಯ ಮಾಡಿದ ಮನೆಗೆ ಎಲ್ಲಿಂದ ಬೀಗ ಹಾಕುವುದು, ನಾಳೆ ಅದನ್ನು ಕರ್ನಲ್‌ನಿಂದ ಕಿತ್ತು ಹಾಕುವವಳು ಅವಳೇ, ಅವರ ಹೆಸರಿದ್ದ ಆ ಒಂದು ಸಾಲೂ ಹೋಗುತ್ತದೆ, ಬೇರೆಯವರ ಬಾಯಿಂದ ಕೇಳುವುದು ಬೇಡ, ತಾನೇ ಹೇಳಬೇಕು, ಹೇಳಿದ ಮೇಲೂ ಆ ಮನೆಯಲ್ಲಿ ತಾನು ನಮ್ಮವಳಾಗಿ ಉಳಿಯಬೇಕು, ಅದಕ್ಕೇ ಬೆಳಿಗ್ಗೆ ಎರ್ನಾಕುಲಂನ ಪಾಲಾರಿವಟ್ಟಂಗೆ ಹೋದದ್ದು, ನಿವೃತ್ತರಾದ ಮೇಲೆ ಅವರು ಹಿಡಿದ ಮನೆ, ಊರು ಬದಲಾದರೂ ಬಾಗಿಲು ಬದಲಾಗಿಲ್ಲ, ತಳ್ಳಿದರೆ ತೆರೆಯಿತು, ಕೊಂಡಿ ನೇತಾಡುತ್ತಿತ್ತು.

ಅಳತೆ ನೋಡ್ಲಿಲ್ಲ ಅಂತಲಾ, ಅವಳು ಹೇಳಿ ಮುಗಿಸಿದಾಗ ರಾಮದಾಸರು ಕೇಳಿದ್ದು ಇಷ್ಟೇ, ಹೌದು ಸಾರ್, ಯಾರು ಬಂದದ್ದು ಒಳಗೆ, ಯಾರೂ ಬಂದಿಲ್ಲ ಸಾರ್, ಬರಬಹುದು ಅಂತ, ಬರಬಹುದು ಅಂತ, ಎಂದು ಅವಳ ಮಾತನ್ನೇ ತಿರುಗಿ ಹೇಳಿದರು, ಬಿಸಿ ಕಡುಬು ಊದುತ್ತಾ, ತೆಗೆ ಮಾರಾಯ್ತಿ, ಅದಕ್ಕೆಂತ ಬೇಜಾರು, ನಾನೇ ಕಲಿಸಿದವಳು ತೆಗೆಯುವುದು ಒಳ್ಳೆಯದೇ, ಪ್ರೇಮಾ ಇವಳಿಗೆ ಇನ್ನೆರಡು ಹಾಕು, ದಾರಿಗೂ ಕಟ್ಟು — ಬೈದಿದ್ದರೆ ಎಷ್ಟೋ ವಾಸಿಯಿತ್ತು, ಕಾಲಿಗೆ ಬಿದ್ದು ಅತ್ತುಬಿಡುತ್ತಿದ್ದಳು, ನಕ್ಕರಲ್ಲ, ನಗುವವರ ಮುಂದೆ ಅಳುವುದು ಹೇಗೆ, ಚಪ್ಪಲಿ ಮೆಟ್ಟಿ ಗೇಟಿನವರೆಗೆ ಬಂದಳು, ಹಿಂದೆ ಬಾಗಿಲು ಮುಂದಕ್ಕೆ ಬಂದ ಸದ್ದು, ಅದು ಗೊತ್ತಿದ್ದ ಸದ್ದೇ, ಆದರೆ ಆಮೇಲೆ — ರೈಲಿನ ಚಿಲಕ ಬಡಿಯುತ್ತಿದೆ, ಟಕ್ ಟಕ್, ಹಾಕಿಲ್ಲ, ಆದ್ದರಿಂದ ಬಡಿಯುತ್ತಿದೆ, ಹಾಕಿದ ಚಿಲಕ ಹೀಗೆ ಬಡಿಯುವುದಿಲ್ಲ, ಅದು ಒಂದೇ ಸಲ, ಬೆಳಗಿನ ಆ ಗೇಟಿನ ಬಳಿ ಅವಳು ಇನ್ನೂ ನಿಂತೇ ಇದ್ದಾಳೆ, ಕೈಯಲ್ಲಿ ಬೆಚ್ಚಗಿನ ಪೊಟ್ಟಣ, ಒಳಗಡೆ ಯಾರದೋ ಕೈ ಆ ನೇತಾಡುವ ಕೊಂಡಿಯನ್ನು ಎತ್ತುತ್ತಿದೆ, ಟಕ್.