ಪಕ್ಕದವರ ಬಟ್ಟಲು

ತಮ್ಮನ ಅಂಗಿಯ ಎರಡನೆಯ ಗುಂಡಿಯನ್ನು ಬೇರೆ ಯಾರೋ ಹೊಲಿದಿದ್ದರು. ಹೋಟೆಲಿನ ಬಾಗಿಲಲ್ಲಿ ಇಳಿಬಿಟ್ಟಿದ್ದ ನೀಲಿ ಬಟ್ಟೆಯನ್ನು ಎತ್ತಿ ಹಿಡಿದು ಅವನು "ತಲೆ ಬಗ್ಗಿಸು ಅಕ್ಕ" ಎಂದಾಗಲೇ ಅದು ಅಕ್ಕನ ಕಣ್ಣಿಗೆ ಬಿತ್ತು. ಅಕ್ಕ ಹೊಲಿದ ಗುಂಡಿಯಾದರೆ ದಾರ ನಾಲ್ಕು ತೂತುಗಳ ನಡುವೆ ಒಂದರ ಮೇಲೊಂದು ಅಡ್ಡ ಹಾಯುತ್ತದೆ, ಗಂಟು ಒಳಗೆ ಅಡಗಿರುತ್ತದೆ. ಇಲ್ಲಿ ದಾರ ಎರಡು ಗೆರೆ ಎಳೆದ ಹಾಗೆ ಮಲಗಿತ್ತು. ಗಂಟು ಹೊರಗೇ, ನೊಣ ಕೂತಂತೆ ಕೂತಿತ್ತು.

ತಾಯಿ ತೀರಿಕೊಂಡಾಗ ತಮ್ಮ ಇನ್ನೂ ಅಂಬೆಗಾಲಿಡುತ್ತಿದ್ದ. ಅಂದಿನಿಂದ ಅವನ ಬಟ್ಟೆಗೆ ಸೂಜಿ ಹಾಕಿದವಳು ಅಕ್ಕ ಒಬ್ಬಳೇ. ಅವನಿಗೆ ಮದುವೆಯಾದ ಮೇಲೂ ಅದು ತಪ್ಪಿರಲಿಲ್ಲ. ಹೆಂಡತಿ ಹರಿದ ಅಂಗಿಗಳನ್ನು ಮಡಿಸಿ ತಾನೇ ಅಕ್ಕನ ಹೊಲಿಗೆ ಅಂಗಡಿಗೆ ತಂದುಕೊಡುತ್ತಿದ್ದಳು. ಆಕೆ ತೀರಿಹೋಗಿ ಎರಡು ಚಳಿಗಾಲ ಕಳೆದಿದ್ದವು. ಈಗ ಇದು ಯಾರ ಕೈ?

ಕೇಳುವುದೇನಿತ್ತು! ಬಟ್ಟೆ ಒಗೆಯುವ ಅಂಗಡಿಗೂ ಬೀಗದ ಅಂಗಡಿಗೂ ನಡುವೆ ಒತ್ತಿಕೊಂಡಿದ್ದ ಈ ಪುಟ್ಟ ಜಪಾನೀ ಹೋಟೆಲಿಗೆ ಅವನು ಅಕ್ಕನನ್ನು ಕರೆತಂದದ್ದೇ ಆ ಕೈಯವಳನ್ನು ತೋರಿಸಲು. ಮನೆಯಿಂದ ಹೊರಡುವಾಗಲೇ ಅವನು ಹೇಳಿದ್ದ: "ಬಂದು ಅವರನ್ನ ನೋಡು, ಜೊತೆಗೆ ಕೂತು ಊಟ ಮಾಡು. ಆಮೇಲೆ ಹೂಂ ಅಂದ್ರೆ ಮದುವೆ. ಊಹೂಂ ಅಂದ್ರೆ ಅಲ್ಲಿಗೇ ಮುಗೀತು. ನಿನ್ನ ಮಾತು ಮೀರಿ ಏನೂ ಮಾಡಲ್ಲ."

ಒಲೆಯ ಮುಂದಿನ ಉದ್ದನೆಯ ಮರದ ಹಲಗೆಯ ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬಳು ಎದ್ದು ನಿಂತಳು. ಕೊರಳಲ್ಲಿ ಸರಪಣಿಗೆ ತೂಗುಬಿಟ್ಟ ಕನ್ನಡಕ. ಕಿವಿಯ ಬಳಿ ನರೆತ ಕೂದಲು. ತಮ್ಮನ ಡಿಪೋದವರು ಬಸ್ ಓಡಿಸುವವರನ್ನೆಲ್ಲ ಕಣ್ಣಿನ ಪರೀಕ್ಷೆಗೆ ಕಳಿಸಿದ್ದು ಈಕೆಯ ಕನ್ನಡಕದ ಅಂಗಡಿಗೇ. ಕಣ್ಣು ತೋರಿಸಲು ಹೋದವನು ಕಣ್ಣನ್ನೇ ಅಲ್ಲಿಟ್ಟು ಬಂದ ಎಂದು ಅಕ್ಕ ಮನಸ್ಸಿನಲ್ಲೇ ಅಂದುಕೊಂಡಳು.

"ಬನ್ನಿ ಅಕ್ಕ. ಈ ಕಡೆ ಕೂತ್ಕೊಳ್ಳಿ, ಅಲ್ಲಿ ಬಾಗಿಲ ಗಾಳಿ ಹೊಡಿಯುತ್ತೆ."

ಇವಳಿಗೆ ನಾನು ಯಾವಾಗ ಅಕ್ಕ ಆದೆ? ಎಂದುಕೊಂಡಳು ಅಕ್ಕ. ತಮ್ಮ ಆಕೆಯ ಪಕ್ಕದ ಕುರ್ಚಿಯನ್ನು ಎಳೆಯುವಷ್ಟರಲ್ಲಿ ತಾನೇ ಅದರಲ್ಲಿ ಕೂತುಬಿಟ್ಟಳು. ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, "ನೀನು ಆ ಕಡೆ ಕೂತ್ಕೋ ಪುಟ್ಟ" ಎಂದಳು. ಐವತ್ತು ದಾಟಿದ ಪುಟ್ಟ ತೆಪ್ಪಗೆ ಅಕ್ಕನ ಆಚೆ ಬದಿಗೆ ಹೋಗಿ ಕೂತ. ಒಲೆಯ ಹಿಂದೆ ತಲೆಗೆ ಬಿಳಿ ವಸ್ತ್ರ ಕಟ್ಟಿಕೊಂಡಿದ್ದ ಮುದಿ ಅಡುಗೆಯವನು ಮೂವರನ್ನೂ ಒಮ್ಮೆ ನೋಡಿ, ಚಹಾದ ಹೂಜಿಯನ್ನೂ ಹಿಡಿ ಇಲ್ಲದ ಮೂರು ಬಟ್ಟಲುಗಳನ್ನೂ ತಂದಿಟ್ಟ.

ಅಕ್ಕ ಹೂಜಿಯನ್ನು ಎತ್ತಿ ತನ್ನ ಬಟ್ಟಲಿಗೆ ಬಗ್ಗಿಸಿಕೊಂಡಳು.

"ಅಕ್ಕ, ಇಲ್ಲಿ ಹಾಗಲ್ಲ" ಎಂದು ತಮ್ಮ ಮೆಲ್ಲಗೆ ಹೇಳಿದ. "ಇವರ ಪದ್ಧತೀಲಿ ನಮ್ಮ ಬಟ್ಟಲಿಗೆ ನಾವೇ ಹಾಕ್ಕೊಳ್ಳೋದಿಲ್ಲ. ನಾವು ಪಕ್ಕದವರಿಗೆ ಹಾಕ್ಬೇಕು, ನಮಗೆ ಪಕ್ಕದವರು ಹಾಕ್ತಾರೆ."

"ಪಕ್ಕದವರು ಮರೆತರೆ?"

"ಕಾಯಬೇಕು" ಎಂದು ಅಡುಗೆಯವನು ಒಲೆಯ ಕಡೆಯಿಂದಲೇ ನಕ್ಕ.

"ಚೆನ್ನಾಗಿದೆ. ನನ್ನ ಬಟ್ಟಲು ನಾನೇ ತುಂಬಿಸ್ಕೊಂಡು ಇಷ್ಟು ವರ್ಷ ಬದುಕಿದೀನಿ, ಬಾಯಾರಿ ಸಾಯಲಿಲ್ಲ."

ತಮ್ಮ ಅಕ್ಕನ ಬೆನ್ನ ಹಿಂದಿನಿಂದ ಕೈ ಚಾಚಿ ಕನ್ನಡಕದಂಗಡಿಯಾಕೆಯ ಬಟ್ಟಲನ್ನು ತುಂಬಿಸಿದ. ಆಕೆಯೂ ಹಾಗೆಯೇ ಕೈ ಚಾಚಿ ಅವನ ಬಟ್ಟಲನ್ನು ತುಂಬಿಸಿದಳು. ಹೂಜಿ ತನ್ನ ಬೆನ್ನ ಹಿಂದೆ ಹೋಗಿ ಬಂದದ್ದು ಅಕ್ಕನಿಗೆ ತಿಳಿಯಿತು. ಒಂದು ಹನಿಯೂ ಚೆಲ್ಲಿರಲಿಲ್ಲ. ರೂಢಿಯಾದ ಕೈಗಳು.

ಅನ್ನ, ಸಾರು, ಉಪ್ಪು ಸವರಿ ಸುಟ್ಟ ಬಂಗುಡೆ, ಪಕ್ಕಕ್ಕೆ ತುರಿದ ಮೂಲಂಗಿ ಬಂತು. ಅಕ್ಕ ಎಂದಿನಂತೆ ಕಣ್ಣು ಮುಚ್ಚಿ ಅನ್ನ ಕೊಟ್ಟ ದೇವರನ್ನು ನೆನೆದಳು. ಆದರೆ ಅಂದು ಪ್ರಾರ್ಥನೆಯ ನಡುವೆಯೂ ಆ ಗುಂಡಿಯೇ ಕಾಣುತ್ತಿತ್ತು. ಕಣ್ಣು ತೆರೆದಾಗ ತಮ್ಮನ ಬಾಯಲ್ಲಿ ಆಗಲೇ ತುತ್ತಿತ್ತು. ಆಕೆ ಮಾತ್ರ ಕೈಕಟ್ಟಿ ಕಾದು ಕೂತಿದ್ದಳು. ಅಕ್ಕ ಊಟಕ್ಕೆ ಕೈ ಹಾಕಿದ ಮೇಲೆಯೇ ಆಕೆ ಊಟದ ಕಡ್ಡಿಗಳನ್ನು ಎತ್ತಿಕೊಂಡಳು. ಒಳ್ಳೆಯವಳೆಂದು ತೋರಿಸಿಕೊಳ್ಳಲು ಇಷ್ಟೂ ಮಾಡದಿದ್ದರೆ ಹೇಗೆ ಎಂದುಕೊಂಡು ಅಕ್ಕ ತಮ್ಮನ ಕಡೆ ತಿರುಗಿದಳು. ಯೋಚನೆಯಿಲ್ಲದೆಯೇ ಅವಳ ಬೆರಳುಗಳು ಅವನ ತಟ್ಟೆಗೆ ಹೋದವು. ಚಿಕ್ಕಂದಿನಲ್ಲಿ ಒಮ್ಮೆ ಅವನ ಗಂಟಲಿಗೆ ಮುಳ್ಳು ಸಿಕ್ಕಿ ಮುಖ ನೀಲಿಯಾಗಿತ್ತು. ಅಂದಿನಿಂದ ಅವಳು ಮುಳ್ಳು ತೆಗೆಯದೆ ಅವನಿಗೆ ಮೀನು ಕೊಟ್ಟವಳಲ್ಲ. ಮಧ್ಯಾಹ್ನದ ಊಟದ ಡಬ್ಬಿಗೆ ಹಾಕುವಾಗಲೂ ಬಿಡಿಸಿಯೇ ಹಾಕುತ್ತಿದ್ದಳು.

"ಬೇಡ ಅಕ್ಕ, ನಾನೇ ತೆಗೀತೀನಿ."

"ನಿನ್ನ ಕೈಲಿ ಆಗುತ್ತಾ?"

ಅವನು ಕಡ್ಡಿಯ ತುದಿಯಿಂದ ಮೀನಿನ ನಡುವೆ ಗೆರೆ ಎಳೆದ. ಮೇಲಿನ ಮಾಂಸ ತಿಂದು ಮುಗಿಸಿ, ಬಾಲದ ಕಡೆಯಿಂದ ಮೆಲ್ಲಗೆ ಎತ್ತಿದ. ನಡುಮುಳ್ಳು ಬಾಚಣಿಗೆಯಂತೆ ಇಡಿಯಾಗಿ ಬಂತು. ಅದನ್ನು ತಟ್ಟೆಯ ಅಂಚಿಗಿಟ್ಟು ಅಕ್ಕನ ಕಡೆ ನೋಡಿದ, ಶಾಲೆಯಲ್ಲಿ ಲೆಕ್ಕ ಸರಿಯಾದ ದಿನ ನೋಡುತ್ತಿದ್ದ ಹಾಗೆ.

"ಯಾರು ಕಲಿಸಿದ್ರು?" ಅಕ್ಕ ಕೇಳಿದ್ದು ಅವನನ್ನು. ನೋಡಿದ್ದು ಎಡಕ್ಕೆ ಕೂತಿದ್ದ ಆಕೆಯನ್ನು.

"ನಾನೇ ಅಮ್ಮ" ಎಂದ ಅಡುಗೆಯವನು. "ಮೊದಲ ದಿನ ನೋಡಬೇಕಿತ್ತು. ಹಿತ್ತಿಲ ಬೆಕ್ಕೂ ಇವರಿಗಿಂತ ಮರ್ಯಾದೆಯಾಗಿ ತಿನ್ನುತ್ತೆ."

ತಮ್ಮ ಬಾಯಿತುಂಬ ನಕ್ಕ. ಆಕೆಯೂ ನಕ್ಕಳು. ಹೆಂಡತಿಯನ್ನು ಮಣ್ಣು ಮಾಡಿ ಬಂದ ದಿನದಿಂದ ಅಕ್ಕ ತಮ್ಮನ ಆ ನಗು ಕೇಳಿರಲಿಲ್ಲ. ಅದು ಮತ್ತೆ ಬರಲಿ ಎಂದು ದಿನವೂ ದೇವರ ಮುಂದೆ ಕೈಮುಗಿದವಳು ಅವಳು. ಬಂದದ್ದು ಇಲ್ಲಿ, ಇವರೆದುರಿಗೆ.

"ಮೀನು ಬಿಡಿಸೋದು ಇವರು ಕಲಿಸಿದ್ರು, ಸರಿ" ಎಂದು ಅವಳು ಆಕೆಯ ಕಡೆ ನೇರವಾಗಿ ತಿರುಗಿದಳು. "ಗುಂಡಿ ಹೊಲಿಯುವಾಗ ಗಂಟು ಒಳಗೆ ಹಾಕ್ಬೇಕು ಅಂತ ನಿಮಗೆ ನಿಮ್ಮನೇಲಿ ಯಾರೂ ಹೇಳ್ಕೊಡ್ಲಿಲ್ವಾ?"

ಆಕೆಗೆ ಅರ್ಥವಾಗಲಿಲ್ಲ. ಕನ್ನಡಕ ಏರಿಸಿಕೊಂಡು ತಮ್ಮನ ಅಂಗಿಯನ್ನು ಬಗ್ಗಿ ನೋಡಿದಳು. "ಅಯ್ಯೋ ಅಕ್ಕ, ನನಗೆ ಸೂಜಿ ಹಿಡಿಯೋಕೇ ಬರಲ್ಲ. ನಮ್ಮಮ್ಮ ಬೈದು ಬೈದು ಸುಸ್ತಾಗಿ ಬಿಟ್ಟುಬಿಟ್ರು."

"ಅದು ನಾನೇ ಹೊಲಿದದ್ದು" ಎಂದ ತಮ್ಮ.

"ನೀನಾ?"

"ಸಂಜೆಯಾದ್ರೆ ಹೊಲಿದೂ ಹೊಲಿದೂ ನಿನ್ನ ಕಣ್ಣಲ್ಲಿ ನೀರು ಸುರಿಯುತ್ತೆ. ಅದರ ಮೇಲೆ ನಂದೂ ಯಾಕೆ ಅಂತ."

"ಒಂದು ಗುಂಡಿ ಹೊಲಿದ್ರೆ ನನ್ನ ಕಣ್ಣು ಹೋಗ್ತಿತ್ತೇನೋ?"

ಅವನು ತಲೆ ತಗ್ಗಿಸಿದ. ಇವಳೇ ಹೊಲಿದಿದ್ದರೆ ಚೆನ್ನಾಗಿತ್ತು ಎಂದು ಅಕ್ಕನಿಗೆ ಅನ್ನಿಸಿತು. ಬೈಯಲು ಒಬ್ಬರಿರುತ್ತಿದ್ದರು. ಅವಳು ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಕೇಳಿದಳು:

"ನನ್ನ ಡಬ್ಬೀಲಿ ಏನು ಕಮ್ಮಿಯಾಗಿತ್ತು, ಹೇಳು. ಒಂದು ದಿನ ತಪ್ಪಿಸಿದೀನಾ?"

"ಡಬ್ಬೀಲಿ ಏನೂ ಕಮ್ಮಿ ಇರಲಿಲ್ಲ ಅಕ್ಕ." ಅವನು ಕಡ್ಡಿಗಳನ್ನು ಕೆಳಗಿಟ್ಟ. "ಡಿಪೋದ ಹಿಂದೆ ಟೈರ್ ರಾಶಿ ಹಾಕ್ತಾರಲ್ಲ, ಅಲ್ಲೊಂದು ಬೆಂಚಿದೆ. ಅಲ್ಲಿ ಕೂತು ತಿಂತಿದ್ದೆ. ಮುಚ್ಚಳ ತೆಗೆದ್ರೆ ಎಲ್ಲಾ ಇರ್ತಿತ್ತು. ಎದುರಿಗೆ ಟೈರ್ ಇರ್ತಿತ್ತು, ಅಷ್ಟೇ. ನಿನ್ನನ್ನ ಕರೆಯೋಣ ಅಂದ್ರೆ ಆ ಹೊತ್ತಿಗೇ ನಿನ್ನ ಅಂಗಡೀಲಿ ಬಟ್ಟೆ ತಗೊಳ್ಳೋರ ಸಾಲು. ಒಂದಿನ ಅರ್ಧಕ್ಕೇ ಮುಚ್ಚಿಟ್ಟು ಸುಮ್ಮನೆ ನಡ್ಕೊಂಡು ಈ ಕಡೆ ಬಂದೆ."

ಅಡುಗೆಯವನು ಅವರಿಗೆ ಬೆನ್ನು ಮಾಡಿ ಒಲೆ ಒರೆಸತೊಡಗಿದ.

ಅಕ್ಕನಿಗೆ ಆಸ್ಪತ್ರೆಯ ಕಿಟಕಿ ನೆನಪಾಯಿತು. ತೀರಿಹೋಗುವ ಮುಂಚಿನ ದಿನ ತಮ್ಮನ ಹೆಂಡತಿ ಅವಳ ಕೈ ಹಿಡಿದು, ಉಸಿರು ಸಾಲದೆ ನಿಲ್ಲಿಸಿ ನಿಲ್ಲಿಸಿ ಹೇಳಿದ್ದಳು: "ಅತ್ತಿಗೆ, ಅವರು ಒಬ್ಬರೇ ಕೂತು ಊಟ ಮಾಡೋ ಹಾಗೆ ಆಗಬಾರದು." ಅಕ್ಕ ಆಗಲಿ ಎಂದು ತಲೆಯಾಡಿಸಿದ್ದಳು. ಆ ಮಾತನ್ನು ಅವಳು ದೇವರಿಗೆ ಕೊಟ್ಟ ಮಾತಿನಂತೆ ಪಾಲಿಸಿದ್ದಳು. ಬೆಳಕು ಹರಿಯುವ ಮುಂಚೆ ಎದ್ದಳು, ಬೇಯಿಸಿದಳು, ಮುಳ್ಳು ಬಿಡಿಸಿದಳು, ಬಿಸಿ ಆರದಿರಲೆಂದು ಡಬ್ಬಿಗೆ ಬಟ್ಟೆ ಸುತ್ತಿದಳು. ಡಬ್ಬಿ ಖಾಲಿಯಾಗಿ ಬಂದಾಗಲೆಲ್ಲ ಹೋದವಳ ಹೆಸರು ಹೇಳಿ ನೆಮ್ಮದಿಯಿಂದ ತೊಳೆದಿಟ್ಟಳು.

ಸಾರು ಆರಿತ್ತು. ಆಚೆ ಬೀದಿಯಲ್ಲಿ ಬಸ್ಸೊಂದು ನಿಂತು, ಜನರನ್ನು ಇಳಿಸಿ ಮುಂದೆ ಹೋಯಿತು.

"ನೀವು?" ಎಂದಳು ಅಕ್ಕ, ಆಕೆಯ ಮುಖ ನೋಡದೆ. "ಇವನಿಗಿಂತ ಮುಂಚೆ ಇಲ್ಲಿ ಯಾರ ಜೊತೆ ಊಟ ಮಾಡ್ತಿದ್ರಿ?"

"ಯಾರ ಜೊತೇನೂ ಇಲ್ಲ ಅಕ್ಕ. ಆ ಗೋಡೆ ಹತ್ತಿರ ಕೂರ್ತಿದ್ದೆ. ಯಜಮಾನರು ಹೋದ್ಮೇಲೆ ಮನೇಲಿ ಒಲೆ ಹಚ್ಚೋಕೇ ಮನಸ್ಸಾಗ್ತಿರಲಿಲ್ಲ."

"ಚಹಾ?"

ಆಕೆ ಮೆಲ್ಲಗೆ ನಕ್ಕಳು. "ಇವರು ಕೆಲಸ ಬಿಟ್ಟು ಬಂದು ಹಾಕ್ತಿದ್ರು" ಎಂದು ಒಲೆಯ ಕಡೆ ಕಣ್ಣು ತೋರಿಸಿದಳು.

ತಮ್ಮನ ಬೆರಳುಗಳು ಅಂಗಿಯ ಆ ಗುಂಡಿಯನ್ನು ತಿರುಗಿಸುತ್ತಿದ್ದವು. ಹೊರಗಿನ ಗಂಟು ಸಡಿಲವಾಗಿತ್ತು. ಇನ್ನೆರಡು ಸಲ ಒಗೆದರೆ ಬಿಚ್ಚಿಹೋಗುತ್ತದೆ ಎಂದು ಅಕ್ಕನಿಗೆ ಗೊತ್ತಿತ್ತು. ಹೇಳಲಿಲ್ಲ.

ಅವಳು ಕೈಚೀಲವನ್ನು ತೊಡೆಯಿಂದ ತೆಗೆದು ಕಾಲ ಬುಡದಲ್ಲಿಟ್ಟಳು. ಎರಡೂ ಕೈಯಲ್ಲಿ ಹೂಜಿಯನ್ನು ಎತ್ತಿ ಎಡಕ್ಕೆ ವಾಲಿ, ಪಕ್ಕದ ಬಟ್ಟಲಿಗೆ ಚಹಾ ಬಗ್ಗಿಸಿದಳು. ರೂಢಿಯಿಲ್ಲದ ಕೈ; ನಾಲ್ಕು ಹನಿ ಹಲಗೆಯ ಮೇಲೆ ಚೆಲ್ಲಿದವು. ಯಾರೂ ಒರೆಸಲು ಹೋಗಲಿಲ್ಲ. ಬಟ್ಟಲು ತುಂಬಿತು.

ಆಮೇಲೆ ಅಕ್ಕ ಹೂಜಿಯನ್ನು ಆಕೆಯ ಕೈಗೆ ಎಟುಕುವಲ್ಲಿ ಇಟ್ಟಳು. ತನ್ನ ಬಟ್ಟಲಿನ ತಳದಲ್ಲಿ ಒಂದು ಹಸಿರು ಎಲೆ ಅಂಟಿಕೊಂಡಿತ್ತು. ಆ ಖಾಲಿ ಬಟ್ಟಲನ್ನು ಸ್ವಲ್ಪ ಮುಂದಕ್ಕೆ ಸರಿಸಿ, ಕೈಗಳೆರಡನ್ನೂ ಮಡಿಲಲ್ಲಿಟ್ಟುಕೊಂಡು ಕಾಯುತ್ತ ಕೂತಳು.