ಧಣಿಯ ಪಾರಿವಾಳ

ನಮ್ಮಣ್ಣ ಬ್ಲೇಸ್ ಒಂದು ಪಾರಿವಾಳ ಹೊಡೆದ. ಅದಕ್ಕೆ ಅವನ ಕಾಲಿಗೆ ಸರಪಳಿ ಬಿಗಿದು, ತೂಲೋನ್ ಬಂದರಿನ ಹಡಗುಕಟ್ಟೆಯಲ್ಲಿ ಕೈದಿಯಾಗಿ ದುಡಿಯಲು ಕಳಿಸಿದರು.

ಆಗಿನ್ನೂ ದೊರೆಯ ಮಾತೇ ಕಾನೂನು. ನಮ್ಮೂರಲ್ಲಿ ಪಾರಿವಾಳ ಸಾಕುವ ಹಕ್ಕು ಧಣಿಗೆ ಮಾತ್ರ. ಅವನ ಹಕ್ಕಿಗಳು ನಾವು ಬಿತ್ತಿದ ಗೋಧಿಯನ್ನು ಹೆಕ್ಕಿ ತಿನ್ನುತ್ತಿದ್ದವು. ನಾವು ಚಪ್ಪಾಳೆ ತಟ್ಟಿ ಓಡಿಸಬಹುದಿತ್ತು, ಮುಟ್ಟುವಂತಿರಲಿಲ್ಲ. ಆ ವರ್ಷ ಅಣ್ಣ ಬಿತ್ತಿದ ಹೊಲವನ್ನೇ ಮತ್ತೊಮ್ಮೆ ಬಿತ್ತಿದ್ದ. ಅದೂ ಹೋಯಿತು. ಮನೆಯಲ್ಲಿ ಬೀಜ ಉಳಿದಿರಲಿಲ್ಲ. ಅಟ್ಟದ ಮೇಲೆ ಬಚ್ಚಿಟ್ಟಿದ್ದ ಕೋವಿ ಇಳಿಸಿದ. ಧಣಿಯ ಕಾವಲುಗಾರ ಸತ್ತ ಹಕ್ಕಿಯ ಸಮೇತ ಅವನನ್ನು ಹಿಡಿದ.

ಅತ್ತಿಗೆ ಪೆರೀನ್ ನನ್ನನ್ನೂ ಕರೆದುಕೊಂಡು ಧಣಿಯ ಬಂಗಲೆಗೆ ಹೋದಳು. ಧಣಿ ನೆಂಟರನ್ನು ಕೂರಿಸಿಕೊಂಡು, ಪ್ಯಾರಿಸ್ಸಿನಿಂದ ತರಿಸಿದ ಹೊಸ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿದ್ದ. ಮನುಷ್ಯರೆಲ್ಲ ಸಮಾನರು, ಬಡವನ ಕಣ್ಣೀರಿಗೂ ಬೆಲೆಯಿದೆ ಎನ್ನುವಂಥ ಮಾತುಗಳು. ರೇಷ್ಮೆ ಲಂಗದ ಹೆಂಗಸೊಬ್ಬಳು ಕಣ್ಣೊರೆಸಿಕೊಳ್ಳುತ್ತಿದ್ದಳು.

"ಬುದ್ಧೀ, ನನ್ ಗಂಡನ್ನ ಬಿಡ್ಸಿಕೊಡಿ," ಎಂದಳು ಅತ್ತಿಗೆ. "ಒಂದು ಹಕ್ಕಿಗೆ ಒಂದು ಸಂಸಾರ ಹಾಳ್ಮಾಡ್ತೀರಾ?"

ಧಣಿ ಪುಸ್ತಕದ ನಡುವೆ ಬೆರಳಿಟ್ಟುಕೊಂಡೇ ತಲೆಯೆತ್ತಿದ. "ನೋಡಮ್ಮ, ನಿನ್ನ ಸಂಕಟ ನಂಗೆ ಅರ್ಥ ಆಗತ್ತೆ. ಆದ್ರೆ ಕಾನೂನು ನಾನು ಮಾಡಿದ್ದಲ್ಲ."

"ಪಾರಿವಾಳ ನಿಮ್ದೇ ಅಲ್ವಾ?"

"ಅದು ನಮ್ಮ ಮನೆತನದ ಹಕ್ಕು. ಅದನ್ನ ಬಿಟ್ಟುಕೊಡೋಕೆ ನಾನ್ಯಾರು? ಅಡುಗೆಮನೆಗೆ ಹೋಗಿ, ಸೂಪ್ ಕುಡಿದು ಹೋಗಿ."

ಅತ್ತಿಗೆ ಕುಡಿಯಲಿಲ್ಲ. ನನ್ನನ್ನು ಎಳೆದುಕೊಂಡು ಮನೆಯ ದಾರಿ ಹಿಡಿದಳು. "ಅವನು ಏನೂ ತಿಳೀದ ಕಟುಕ ಆಗಿದ್ದಿದ್ರೆ ನಂಗಿಷ್ಟು ಉರೀತಿರ್ಲಿಲ್ಲ ಕಣೇ," ಎಂದಳು. "ಎಲ್ಲಾ ಗೊತ್ತು ಅವನಿಗೆ. ಗೊತ್ತಿದ್ದೂ ಮಾಡ್ತಾನೆ."

ಎರಡು ವರ್ಷ ಕಳೆಯಿತು. ಪ್ಯಾರಿಸ್ಸಿನ ಜನ ದೊರೆಯ ಸೆರೆಮನೆ ಕೋಟೆಯನ್ನು ಒಡೆದರೆಂಬ ಸುದ್ದಿ ಬಂತು. ಆ ಬೇಸಿಗೆಯ ಕೊನೆಗೆ ಪಾದ್ರಿಗಳು ಭಾನುವಾರದ ಪೂಜೆ ಮುಗಿಸಿ ಜನರ ಪ್ರತಿನಿಧಿಗಳು ಸೇರಿದ್ದ ಹೊಸ ಸಭೆಯ ಆಜ್ಞೆಯನ್ನು ಓದಿ ಹೇಳಿದರು. ಧಣಿಗಳ ಪಾರಿವಾಳದ ಹಕ್ಕು ರದ್ದು. ಬೇಟೆಯಾಡಿದ್ದಕ್ಕಷ್ಟೇ ಶಿಕ್ಷೆಯಾದವರನ್ನು ಬಿಡಿಸಬೇಕು. ಅದಕ್ಕೆ ದೂರು ಕೊಟ್ಟ ಧಣಿಯ ರುಜು ಬೇಕಂತೆ.

ಗಂಡಸರು ಅಲ್ಲಿಂದಲೇ ಧಣಿಯ ಪಾರಿವಾಳದ ಗೋಪುರಕ್ಕೆ ಓಡಿದರು. ಅತ್ತಿಗೆ ಅವರಿಗಿಂತ ಮುಂದೆ ಓಡಿ ಬಾಗಿಲಿಗೆ ಅಡ್ಡ ನಿಂತಳು.

"ಹಕ್ಕಿ ಎಲ್ಲೂ ಓಡಿಹೋಗಲ್ಲ. ಮೊದ್ಲು ಬ್ಲೇಸ್‌ನ ಬಿಡ್ಸೋಕೆ ಧಣಿ ಹತ್ರ ರುಜು ಹಾಕ್ಸಿ. ಈಗಾದ್ರೆ ಹೆದರಿ ಹಾಕ್ತಾನೆ."

"ಅದೂ ಆಗತ್ತೆ, ದಾರಿ ಬಿಡವ್ವ," ಎಂದು ಯಾರೋ ಅವಳನ್ನು ಪಕ್ಕಕ್ಕೆ ತಳ್ಳಿದರು.

ಕತ್ತು ಮುರಿದ ಹಕ್ಕಿಗಳನ್ನು ಬುಟ್ಟಿಗಟ್ಟಲೆ ಹೊತ್ತರು. ಊರೆಲ್ಲ ಮಾಂಸದ ವಾಸನೆ. ಹೊಟ್ಟೆ ತುಂಬಿತು, ಎಲ್ಲರೂ ಮಲಗಿದರು. ಮರುದಿನ ಧಣಿಯ ಬಾಗಿಲಿಗೆ ಹೋದದ್ದು ಅತ್ತಿಗೆ ಒಬ್ಬಳೇ. ಬ್ಲೇಸ್ ಕಾವಲುಗಾರನನ್ನೂ ಬೆದರಿಸಿದ್ದ, ಅದು ಬರೀ ಬೇಟೆಯಲ್ಲ, ರುಜು ಹಾಕುವುದಿಲ್ಲ ಎಂದುಬಿಟ್ಟ ಧಣಿ. ಅವಳು ದಿನವೂ ಹೋಗಿ ಗೇಟಿನ ಮುಂದೆ ಕೂತಳು. ಬಂದ ನೆಂಟರಿಗೆಲ್ಲ ಗಂಡನ ಕತೆ ಹೇಳಿದಳು. ಮೊದಲ ಹಿಮ ಬಿದ್ದಾಗ ಧಣಿ ನಾಚಿಕೆಗೋ ಭಯಕ್ಕೋ ರುಜು ಹಾಕಿದ.

ಅಣ್ಣ ವಸಂತಕ್ಕೆ ಬಂದ. ಸರಪಳಿ ಕೂತಿದ್ದ ಕಡೆ ಮಾಂಸ ಸವೆದುಹೋಗಿ, ಆ ಕಾಲನ್ನು ಎಳೆದು ನಡೆಯುತ್ತಿದ್ದ. ಅಷ್ಟರಲ್ಲಿ ಧಣಿಯೇ ಹೊಸ ಪಂಚಾಯಿತಿಗೆ ಮುಖ್ಯಸ್ಥನಾಗಿ ಆರಿಸಿ ಬಂದಿದ್ದ. ಇಂತಿಷ್ಟು ತೆರಿಗೆ ಕಟ್ಟುವವರಿಗೆ ಮಾತ್ರ ಓಟು. ಅಣ್ಣನಿಗಿಲ್ಲ. ಹೆಂಗಸರಂತೂ ಲೆಕ್ಕಕ್ಕೇ ಇಲ್ಲ.

ಜುಲೈನಲ್ಲಿ ಪ್ಯಾರಿಸ್ಸಿನ ಕೋಟೆ ಒಡೆದು ವರ್ಷ ತುಂಬಿದ ಹಬ್ಬ. ಧಣಿ ಎದೆಗೆ ಕ್ರಾಂತಿಯ ಮೂರು ಬಣ್ಣದ ಪಟ್ಟಿ ಕಟ್ಟಿಕೊಂಡು ವೇದಿಕೆ ಹತ್ತಿದ. ಅಣ್ಣನನ್ನು ಮೇಲೆ ಕರೆಸಿದ.

"ನೋಡಿ, ನಾನು ಬಿಡಿಸಿಕೊಂಡು ಬಂದ ನಮ್ಮ ಸೋದರ," ಎಂದು ತೋಳು ಚಾಚಿದ.

ಅತ್ತಿಗೆ ಜನರನ್ನು ಸೀಳಿಕೊಂಡು ಮೇಲೆ ಹೋದಳು. ಬಾಗಿ ಅಣ್ಣನ ಷರಾಯಿಯನ್ನು ಮೊಣಕಾಲಿನವರೆಗೆ ಮೇಲೆ ಸರಿಸಿದಳು.

"ಸೋದರ ಅಂದ್ರಲ್ಲ, ಇದನ್ನ ಮುಟ್ಟಿ," ಎಂದಳು. "ಇದು ನಿಮ್ಮ ಹಕ್ಕು ಮಾಡಿದ್ದು. ಮುಟ್ಟಿ ನೋಡಿ, ಆಮೇಲೆ ತಬ್ಕೊಳ್ಳಿ."

ಧಣಿ ಮುಖ ತಿರುಗಿಸಿ ಡೋಲಿನವನಿಗೆ ಸನ್ನೆ ಮಾಡಿದ. ಅವನು ಡೋಲು ಬಡಿದ. ಅಣ್ಣ ಷರಾಯಿಯ ಕಾಲನ್ನು ಕೆಳಗೆ ಸರಿಸಿಕೊಂಡು, ಅತ್ತಿಗೆಯ ಭುಜ ಹಿಡಿದು ಮೆಟ್ಟಿಲಿಳಿದ.

ಪಕ್ಕದ ಮನೆಯ ಗೊಡೆಲೀವ್ ಸಂಜೆ ಬಂದು ಗೊಣಗಿದಳು. "ಹಬ್ಬದ ದಿನ ಇದು ಬೇಕಿತ್ತಾ? ಕೆಡಿಸಿಬಿಟ್ಟೆ."

"ಇನ್ನೂ ಕೆಡಿಸ್ತೀನಿ," ಎಂದಳು ಅತ್ತಿಗೆ, ಒಲೆಯಿಂದ ಮುಖ ಎತ್ತದೆ.

ಕಟಾವಿನ ಹೊತ್ತಿಗೆ ಧಣಿಯ ಗಾಡಿ ಎಂದಿನಂತೆ ನಮ್ಮ ಬೆಳೆಯಲ್ಲಿ ಅವನ ಪಾಲು ಒಯ್ಯಲು ಬಂತು. ಪಾರಿವಾಳದ ಹಕ್ಕು ಹೋಗಿದ್ದರೂ ಆ ಪಾಲಿನ ಹಕ್ಕು ಹಾಗೇ ಉಳಿದಿತ್ತು. ಕೊಡಲಾರೆವೆಂದರೆ ನಾವು ಧಣಿಗೆ ಒಟ್ಟಿಗೆ ಹಣ ಕಟ್ಟಿ ಅದನ್ನು ಬಿಡಿಸಿಕೊಳ್ಳಬೇಕಂತೆ. ಅತ್ತಿಗೆ ಗಾಡಿಯ ಮುಂದೆ ನೆಲದ ಮೇಲೆ ಮಲಗಿದಳು. ಗಾಡಿಯವನು ಚಾವಟಿ ಎತ್ತಿದ. ಗೊಡೆಲೀವ್ ತನ್ನ ಹೊಲದಿಂದ ಕುಡುಗೋಲು ಹಿಡಿದೇ ಬಂದು ಅವಳ ಪಕ್ಕ ನಿಂತಳು. ಆಮೇಲೆ ಗೊಡೆಲೀವ್‌ಳ ಗಂಡ, ಆಮೇಲೆ ಪಾರಿವಾಳ ತಿಂದು ಮಲಗಿದ್ದವರೆಲ್ಲ ಬಂದರು. ಗಾಡಿಯವನು ಕುದುರೆಯನ್ನು ಹಿಂದಕ್ಕೆ ತಿರುಗಿಸಿದ. ಮುಂದಿನ ವರ್ಷವೂ ಧಣಿಯ ಗಾಡಿ ಖಾಲಿಯೇ ಹಿಂದಿರುಗಿತು.